ಓಟ ಮುಗಿದ ಮೇಲೆ ಎಂಜಿನ್ನನ್ನು ಆರಿಸುವ ಬಗೆ

ಅಭಿಮನ್ಯುವಿನ ಕಥೆ ನಮ್ಮಲ್ಲಿ ಎಲ್ಲರಿಗೂ ತಿಳಿದದ್ದೇ. ಚಕ್ರವ್ಯೂಹವನ್ನು ಹೊಗುವ ವಿದ್ಯೆ ಅವನಿಗೆ ಬರುತ್ತಿತ್ತು. ಅದರಿಂದ ಹೊರಬರುವ ವಿದ್ಯೆ ಬರುತ್ತಿರಲಿಲ್ಲ. ಯಂತ್ರಗಳ ವಿಷಯದಲ್ಲಿ ನಾವೂ ಬಹುಮಟ್ಟಿಗೆ ಅಭಿಮನ್ಯುಗಳೇ. ಬಂಡಿಯನ್ನು ಹೊರಡಿಸುವುದನ್ನೂ ಓಡಿಸುವುದನ್ನೂ ಕಲಿಯುವುದರಲ್ಲಿ ನಾವು ತೋರುವ ಆತುರದಲ್ಲಿ ನಾಲ್ಕಾಣೆಯಷ್ಟನ್ನಾದರೂ ಅದನ್ನು ನಿಲ್ಲಿಸುವುದನ್ನು ಕಲಿಯುವುದರಲ್ಲಿ ತೋರುವುದಿಲ್ಲ. ಬೀಗದಕೈಯನ್ನು ತಿರುಗಿಸಿದರೆ ನಿಂತಿತು, ಅದರಲ್ಲಿ ಕಲಿಯುವುದೇನಿದೆ ಎಂದುಕೊಳ್ಳುತ್ತೇವೆ. ಈ ಮಾತು ಎಲ್ಲ ಯಂತ್ರಗಳಿಗೂ ಸಲ್ಲುವುದಿಲ್ಲ ಎಂಬುದನ್ನು ಒಂದು ಉದಾಹರಣೆಯಿಂದ ವಿವರಿಸುವುದೇ ಈ ಲೇಖನದ ಉದ್ದೇಶ. ಕಲಾವಿಭಾಗದ ವಿದ್ಯಾರ್ಥಿಗೆ ಎಂಜಿನ್ನಿನ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ಕೊನೆಯಲ್ಲಿ ದೊರೆಯುತ್ತದೆ.

ಅಮೆರಿಕದಲ್ಲಿ 'ಡ್ರ್ಯಾಗ್ ರೇಸ್' ಎಂಬ ಒಂದು ಬಗೆಯ ಮೋಟಾರು ಪಂದ್ಯವಿದೆ. ಇದರಲ್ಲಿ ತಿರುವುಗಳಿಲ್ಲ, ಸುತ್ತುಗಳಿಲ್ಲ. ಎರಡು ಕಾರುಗಳು ಅಕ್ಕಪಕ್ಕದಲ್ಲಿ ನಿಂತು, ದೀಪದ ಸನ್ನೆ ದೊರೆತೊಡನೆ ನೆಟ್ಟಗೆ ಕಾಲು ಮೈಲಿ, ಎಂದರೆ ಸುಮಾರು 402 ಮೀಟರು ಓಡಬೇಕು. ಮೊದಲು ಗೆರೆ ದಾಟಿದವನು ಗೆದ್ದ. ಕ್ಯಾಲಿಫೋರ್ನಿಯದ ಒಣಕೆರೆಗಳ ಅಂಗಳದಲ್ಲಿಯೂ ಊರ ಬೀದಿಗಳಲ್ಲಿಯೂ ತರುಣರು ಆಡುತ್ತಿದ್ದ ಈ ಆಟವನ್ನು ಕಟ್ಟುಪಾಡಿಗೆ ತಂದವರಲ್ಲಿ ವಾಲಿ ಪಾರ್ಕ್ಸ್ ಎಂಬಾತನು ಮುಖ್ಯನು. ಆತನು 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಇಂದಿಗೂ ಈ ಪಂದ್ಯದ ಸುರಕ್ಷತೆಯ ನಿಯಮಗಳನ್ನು ರೂಪಿಸುವ ದೊಡ್ಡ ಸಂಸ್ಥೆ ಅದೇ.

ಈ ಪಂದ್ಯಗಳ ಚಲನಚಿತ್ರಗಳನ್ನು ನಮ್ಮ ಹಾಸ್ಟೆಲಿನ ಗೆಳೆಯರು ಫೋನಿನಲ್ಲಿ ನೋಡಿ ನಲಿಯುವುದನ್ನು ನಾನು ಕಂಡಿದ್ದೇನೆ. ಕಾರು ಗೆರೆ ದಾಟಿತೆಂದರೆ ಅವರಿಗೆ ಚಿತ್ರ ಮುಗಿಯಿತು. ಆದರೆ ಚಾಲಕನ ಪಾಲಿಗೆ ಕೆಲಸದ ಅರ್ಧ ಭಾಗ ಆರಂಭವಾಗುವುದೇ ಅಲ್ಲಿಂದ. ಒಳ್ಳೆಯ ಕಾರೊಂದು ಆರೇಳು ಸೆಕೆಂಡುಗಳಲ್ಲಿ ಓಟವನ್ನು ಮುಗಿಸಿ ಗಂಟೆಗೆ 300 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಗೆರೆ ದಾಟುತ್ತದೆ. ಗಂಟೆಗೆ 360 ಕಿಲೋಮೀಟರೆಂದರೆ ಸೆಕೆಂಡಿಗೆ 100 ಮೀಟರು. ನಾವು ಒಮ್ಮೆ ಉಸಿರೆಳೆದು ಬಿಡುವಷ್ಟರಲ್ಲಿ ನಮ್ಮ ಕಾಲೇಜಿನ ಆಟದ ಬಯಲು ಹಿಂದೆ ಸರಿದಿರುತ್ತದೆ. ಇಂಥ ಬಂಡಿಯನ್ನೂ ಅದರ ಒಳಗೆ ಕಾದು ಕೆಂಪಾದ ಎಂಜಿನ್ನನ್ನೂ ಕ್ಷೇಮವಾಗಿ ನಿಲ್ಲಿಸುವುದು ಹೇಗೆ ಎಂಬುದೇ ಪ್ರಶ್ನೆ.

ಇದನ್ನು ತಿಳಿಯಲು ಮೊದಲು 'ಟರ್ಬೊ' ಎಂಬ ಉಪಕರಣವನ್ನು ಅರಿಯಬೇಕು. ಒಲೆ ಚೆನ್ನಾಗಿ ಉರಿಯಬೇಕಾದರೆ ಊದುಕೊಳವೆಯಿಂದ ಗಾಳಿ ಊದುತ್ತೇವಷ್ಟೆ. ಎಂಜಿನ್ನಿಗೂ ಹಾಗೆಯೇ. ಹೆಚ್ಚು ಗಾಳಿ ಹೊಕ್ಕರೆ ಹೆಚ್ಚು ಇಂಧನ ಉರಿಯುತ್ತದೆ. ಹೆಚ್ಚು ಬಲ ಹುಟ್ಟುತ್ತದೆ. ಆದರೆ ಊದುವವರು ಯಾರು? ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರನು ಇದಕ್ಕೆ ಒಂದು ಜಾಣತನದ ಉಪಾಯವನ್ನು ಕಂಡುಹಿಡಿದು 1905ರಲ್ಲಿ ಅದಕ್ಕೆ ಪೇಟೆಂಟನ್ನು ಪಡೆದನು. ಎಂಜಿನ್ನಿನಿಂದ ವ್ಯರ್ಥವಾಗಿ ಹೊರಹೋಗುವ ಬಿಸಿಹೊಗೆಯ ದಾರಿಯಲ್ಲಿ ಒಂದು ಗಾಲಿಯನ್ನು ಇಟ್ಟರೆ ಹೊಗೆಯ ರಭಸಕ್ಕೆ ಅದು ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿ ಮತ್ತೊಂದು ಗಾಲಿಯನ್ನು ಇಟ್ಟರೆ ಅದು ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿನೊಳಕ್ಕೆ ತುಂಬುತ್ತದೆ. ಹೊಗೆಯೇ ತನ್ನ ಒಲೆಯನ್ನು ತಾನು ಊದಿಕೊಂಡಂತೆ! ಮೊದಲು ಹಡಗುಗಳ ಭಾರಿ ಡೀಸೆಲ್ ಎಂಜಿನ್ನುಗಳಲ್ಲಿ ನೆಲೆಗೊಂಡ ಈ ಉಪಕರಣವು 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಮತ್ತು ಷೆವರ್ಲೆ ಕಾರುಗಳಲ್ಲಿ ಕಾಣಿಸಿಕೊಂಡಿತು. ಈಗ ನಮ್ಮ ರಸ್ತೆಗಳಲ್ಲಿ ಓಡಾಡುವ ಲಾರಿ, ಬಸ್ಸುಗಳಲ್ಲಿಯೂ ಇದು ಸಾಮಾನ್ಯವಾಗಿದೆ.

ಈ ಉಪಕರಣದ ಎರಡು ಗುಣಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದು ಅದರ ವೇಗ. ಟರ್ಬೊವಿನ ದಂಡವು ನಿಮಿಷಕ್ಕೆ ಒಂದು ಲಕ್ಷ ಸುತ್ತುಗಳ ಆಸುಪಾಸಿನಲ್ಲಿ ತಿರುಗುತ್ತದೆ; ಚಿಕ್ಕ ಕಾರುಗಳ ಚಿಕ್ಕ ಟರ್ಬೊಗಳು ಇದನ್ನೂ ಬಹುವಾಗಿ ಮೀರುತ್ತವೆ. ಎರಡನೆಯದು ಅದರ ಬಿಸಿ. ಪೆಟ್ರೋಲ್ ಎಂಜಿನ್ನು ಪೂರ್ಣ ಬಲದಲ್ಲಿ ದುಡಿಯುವಾಗ ಹೊರಬರುವ ಹೊಗೆ 900 ಡಿಗ್ರಿ ಸೆಂಟಿಗ್ರೇಡನ್ನೂ ದಾಟಬಹುದು. ಇಷ್ಟು ವೇಗ, ಇಷ್ಟು ಬಿಸಿ ಇರುವ ದಂಡವನ್ನು ಕಾಪಾಡುವುದು ಕೂದಲೆಳೆಗಿಂತ ತೆಳುವಾದ ಒಂದು ಎಣ್ಣೆಯ ಪದರ. ದಂಡವು ಆ ಎಣ್ಣೆಯ ಮೇಲೆ ತೇಲುತ್ತಿರುತ್ತದೆ. ಎಣ್ಣೆಯನ್ನು ಒತ್ತಿ ಕಳುಹಿಸುವ ಪಂಪು ಎಂಜಿನ್ನಿನಿಂದಲೇ ನಡೆಯುತ್ತದೆ. ಎಂಜಿನ್ನು ನಿಂತರೆ ಪಂಪೂ ನಿಂತಿತು, ಎಣ್ಣೆಯೂ ನಿಂತಿತು. ಆದರೆ ದಂಡವು ತನ್ನ ರಭಸಕ್ಕೆ ಇನ್ನೂ ಕೆಲಕಾಲ ತಿರುಗುತ್ತಲೇ ಇರುತ್ತದೆ. ಬಿಸಿಯಂತೂ ಎಲ್ಲಿಗೂ ಹೋಗಿರುವುದಿಲ್ಲ.

ಇಲ್ಲಿಯೇ ಇದೆ ಮರ್ಮ. ಎಂಜಿನ್ನನ್ನು ಆರಿಸಿದೊಡನೆ ಎಲ್ಲವೂ ತಣ್ಣಗಾಗಲು ತೊಡಗುತ್ತದೆಂದು ನಾವು ಊಹಿಸುತ್ತೇವೆ. ಆದರೆ ಹೊಗೆಯ ಕಡೆಯ ಕಾದ ಕಬ್ಬಿಣದಿಂದ ಬಿಸಿಯು ದಂಡದ ಮೂಲಕ ಮೆಲ್ಲನೆ ನಡುವಿನ ಬೇರಿಂಗಿನ ಕಡೆಗೆ ಹರಿದುಬರುತ್ತದೆ. ಓಡುವಾಗ ಹರಿಯುವ ಎಣ್ಣೆಯು ಈ ಬಿಸಿಯನ್ನು ಹೊತ್ತೊಯ್ಯುತ್ತಿತ್ತು. ಈಗ ಹೊತ್ತೊಯ್ಯುವವರಿಲ್ಲ. ಆದುದರಿಂದ ಎಂಜಿನ್ನು ನಿಂತ ಕೆಲವು ನಿಮಿಷಗಳ ಮೇಲೆ ಬೇರಿಂಗಿನ ಬಿಸಿ ಓಡುವಾಗ ಇದ್ದುದಕ್ಕಿಂತ ಹೆಚ್ಚಾಗುತ್ತದೆ! ಅಲ್ಲಿ ನಿಂತ ಎಣ್ಣೆ ಬೆಂದು, ಕರಿಕಾಗಿ, ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ದೋಸೆಯ ಕಾವಲಿಯ ಅಂಚಿನಲ್ಲಿ ಕಟ್ಟಿದ ಕಪ್ಪು ಜಿಡ್ಡನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹೀಗೆ ಹಲವು ಸಲ ಆದರೆ ಎಣ್ಣೆಯ ಸಣ್ಣ ದಾರಿಗಳು ಕಟ್ಟಿಕೊಂಡು ಒಂದು ದಿನ ದಂಡ ಸವೆದು ಟರ್ಬೊ ಹಾಳಾಗುತ್ತದೆ.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಗೆರೆ ದಾಟಿದ ಚಾಲಕನು ಅನುಸರಿಸಬೇಕಾದ ಕ್ರಮ ಹೀಗಿದೆ.

ಮೊದಲು ಕಾಲನ್ನು ಆಕ್ಸಿಲರೇಟರಿನಿಂದ ಪೂರ್ತಿಯಾಗಿ ತೆಗೆಯಬೇಕು. ಬೀಗದಕೈಗೆ ಕೈ ಹಾಕಬಾರದು. ಇಂಧನವು ಇನ್ನೂ ಸುರಿಯುತ್ತಿರುವಾಗ ಕಿಡಿಯನ್ನು ಮಾತ್ರ ನಿಲ್ಲಿಸಿದರೆ, ಉರಿಯದ ಇಂಧನವು ಕೆಂಪಗೆ ಕಾದ ಹೊಗೆಕೊಳವೆಗೆ ಹೋಗಿ ಅಲ್ಲಿ ಹೊತ್ತಿ ಸಿಡಿಯುತ್ತದೆ. ಇನ್ನೊಂದು ಅಪಾಯವೂ ಉಂಟು. ಬೀದಿಯ ಕಾರನ್ನೇ ಪಂದ್ಯಕ್ಕೆ ಮಾರ್ಪಡಿಸಿದ್ದಾದರೆ, ಕೈಯನ್ನು ಕೊನೆಯವರೆಗೆ ತಿರುಗಿಸಿ ಹೊರತೆಗೆದಾಗ ಸ್ಟಿಯರಿಂಗ್ ಚಕ್ರ ಬೀಗ ಹಾಕಿಕೊಳ್ಳಬಹುದು. ಆ ವೇಗದಲ್ಲಿ ಅದರ ಫಲವೇನೆಂಬುದನ್ನು ಹೇಳಬೇಕಾಗಿಲ್ಲ.

ಕಾಲು ತೆಗೆದೊಡನೆ ಗಾಳಿಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಆದರೆ ಟರ್ಬೊ ಇನ್ನೂ ರಭಸದಿಂದ ಗಾಳಿಯನ್ನು ಒತ್ತುತ್ತಲೇ ಇರುತ್ತದೆ. ಮುಚ್ಚಿದ ಬಾಗಿಲಿಗೆ ಬಡಿದ ಗಾಳಿ ಹಿಂದಿರುಗಿ ತಿರುಗುವ ಗಾಲಿಯನ್ನೇ ಹೊಡೆಯುತ್ತದೆ. ಇದನ್ನು ತಪ್ಪಿಸಲು ಒಂದು ತೆರಪಿನ ಕವಾಟವನ್ನು ಇಟ್ಟಿರುತ್ತಾರೆ. ಕಾಲು ತೆಗೆದಾಗ 'ಭುಸ್' ಎಂದು ಕೇಳುವ ಸದ್ದು ಈ ಕವಾಟದ್ದು. ನಮ್ಮ ತರುಣರು ಆ ಸದ್ದಿಗೇ ಮರುಳಾಗುತ್ತಾರೆ. ಅದು ಅಲಂಕಾರವಲ್ಲ, ರಕ್ಷಣೆ.

ಎರಡನೆಯದು ಪ್ಯಾರಾಚೂಟು. ಗಂಟೆಗೆ 150 ಮೈಲಿ, ಎಂದರೆ ಸುಮಾರು 240 ಕಿಲೋಮೀಟರು ಮೀರಿ ಓಡುವ ಕಾರುಗಳಿಗೆ ಇದು ಇರಲೇಬೇಕೆಂದು ಮೇಲೆ ಹೇಳಿದ ಸಂಸ್ಥೆಯ ನಿಯಮ. ಅದು ಬಿಚ್ಚಿಕೊಂಡು ಕಾರನ್ನು ಹಿಂದಕ್ಕೆ ಹಿಡಿದ ಮೇಲೆ ಬ್ರೇಕನ್ನು ಹದವಾಗಿ ಒತ್ತಬೇಕು. ಎಂಜಿನ್ನಿನಿಂದಲೇ ಕಾರನ್ನು ತಡೆಯುವೆನೆಂದು ಹಟ ಹಿಡಿಯುವುದು ತರವಲ್ಲ. ಏಕೆಂದರೆ ಎಂಜಿನ್ನು ಅತಿ ವೇಗವಾಗಿ ತಿರುಗುತ್ತಿರುವಾಗ ಒಳಗೆ ಉರಿ ಇಲ್ಲದಿದ್ದರೆ ಪಿಸ್ಟನ್ನನ್ನು ಕೆಳಕ್ಕೆ ತಳ್ಳುವ ಬಲ ಇರುವುದಿಲ್ಲ. ಮೇಲಕ್ಕೆ ಚಿಮ್ಮಿದ ಪಿಸ್ಟನ್ನನ್ನು ಸಲಾಕೆಯೇ ಕೆಳಕ್ಕೆ ಎಳೆಯಬೇಕಾಗುತ್ತದೆ. ಆ ಎಳೆತಕ್ಕೆ ಸಲಾಕೆಯ ಬೋಲ್ಟುಗಳು ಹರಿಯುವುದುಂಟು.

ಮೂರನೆಯದು, ಕಾರು ನಿಧಾನವಾಗಿ ಪಕ್ಕದ ದಾರಿಗೆ ತಿರುಗಿದ ಮೇಲೆ ಎಂಜಿನ್ನನ್ನು ಒಂದೆರಡು ನಿಮಿಷ ಮೆಲ್ಲಗೆ ನಡೆಯಗೊಡುವುದು. ಈಗ ಹೊರಬರುವ ಹೊಗೆ ಅಷ್ಟು ಬಿಸಿಯಾಗಿರುವುದಿಲ್ಲ, ಎಣ್ಣೆ ಹರಿಯುತ್ತಿರುತ್ತದೆ, ಟರ್ಬೊ ಮೆಲ್ಲನೆ ತಣಿಯುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಭಾರ ಕಡಮೆಯಾಗಲೆಂದು ಎಷ್ಟೋ ಡ್ರ್ಯಾಗ್ ಕಾರುಗಳಲ್ಲಿ ರೇಡಿಯೇಟರನ್ನೇ ಇಡುವುದಿಲ್ಲ. ಎಂಜಿನ್ನು ಬಿರುಕು ಬಿಡದಿರಲೆಂದು ನೀರಿನ ಹಾದಿಗಳಿಗೆ ಸಿಮೆಂಟಿನಂಥ ಗಾರೆಯನ್ನು ತುಂಬುವುದೂ ಉಂಟು. ಇಂಥ ಎಂಜಿನ್ನು ಹೆಚ್ಚು ಹೊತ್ತು ನಡೆದರೆ ತಾನೇ ಕಾದು ಕೆಡುತ್ತದೆ. ಟರ್ಬೊ 'ಇನ್ನೂ ನಡೆ' ಎನ್ನುತ್ತದೆ, ಎಂಜಿನ್ನು 'ಸಾಕು ನಿಲ್ಲಿಸು' ಎನ್ನುತ್ತದೆ. ಈ ಜಗಳವನ್ನು ಬಿಡಿಸಲು ವಿದ್ಯುತ್ತಿನಿಂದ ನಡೆಯುವ ನೀರಿನ ಪಂಪನ್ನು, ಕೆಲವರು ವಿದ್ಯುತ್ತಿನ ಎಣ್ಣೆಪಂಪನ್ನೂ, ಅಳವಡಿಸುತ್ತಾರೆ. ಆಗ ಎಂಜಿನ್ನನ್ನು ಬೇಗ ಆರಿಸಿದರೂ ನೀರು, ಎಣ್ಣೆಗಳು ಹರಿಯುತ್ತಲೇ ಇದ್ದು ಬಿಸಿಯನ್ನು ಸಾಗಿಸುತ್ತವೆ.

ನಾಲ್ಕನೆಯದು ಆರಿಸುವ ಕ್ರಮ. ಕಂಪ್ಯೂಟರಿನಿಂದ ನಡೆಯುವ ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನವೂ ಕಿಡಿಯೂ ಒಟ್ಟಿಗೆ ನಿಲ್ಲುತ್ತವೆ. ಮೆಥನಾಲ್ ಎಂಬ ಮದ್ಯಸಾರವನ್ನು ಯಾಂತ್ರಿಕ ಪಂಪಿನಿಂದ ಉಣ್ಣುವ ಎಂಜಿನ್ನಿನಲ್ಲಾದರೋ ಮೊದಲು ಇಂಧನದ ಕವಾಟವನ್ನು ಮುಚ್ಚಬೇಕು. ಕೊಳವೆಯಲ್ಲಿ ಉಳಿದದ್ದನ್ನು ಎಂಜಿನ್ನು ಉರಿಸಿ ತಾನಾಗಿ ನಿಂತ ಮೇಲೆ ಕಿಡಿಯನ್ನು ನಿಲ್ಲಿಸಬೇಕು. ಇದನ್ನು ತಿರುಗುಮುರುಗು ಮಾಡಿದರೆ ಉರಿಯದ ಮೆಥನಾಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿದು ಎಣ್ಣೆಯನ್ನೆಲ್ಲ ಕೆಡಿಸುತ್ತದೆ.

ಮೆಥನಾಲಿನ ಮತ್ತೊಂದು ಗುಣವನ್ನು ಹೇಳದೆ ಮುಂದೆ ಹೋಗಲಾರೆ. ಅದರ ಉರಿ ಹಗಲ ಬೆಳಕಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. 1981ರ ಇಂಡಿಯಾನಾಪೊಲಿಸ್ 500 ಮೈಲಿಯ ಪಂದ್ಯದಲ್ಲಿ ರಿಕ್ ಮಿಯರ್ಸ್ ಎಂಬ ಚಾಲಕನು ಇಂಧನ ತುಂಬಿಸಿಕೊಳ್ಳಲು ನಿಂತಾಗ ಮೆಥನಾಲು ಚೆಲ್ಲಿ, ಬಿಸಿ ಎಂಜಿನ್ನಿಗೆ ತಗಲಿ ಹೊತ್ತಿಕೊಂಡಿತು. ಚಾಲಕನೂ ಕೆಲಸಗಾರರೂ ಉರಿಯುತ್ತಿದ್ದರೂ ಸುತ್ತಲಿದ್ದವರಿಗೆ ಜ್ವಾಲೆ ಕಾಣಲಿಲ್ಲ. ಮಿಯರ್ಸನು ಮುಖ ಸುಟ್ಟುಕೊಂಡು ಬದುಕಿದನು. 1984ರಲ್ಲಿ ಅದೇ ಪಂದ್ಯವನ್ನು ಮತ್ತೆ ಗೆದ್ದನು. ಆದುದರಿಂದ ಓಟ ಮುಗಿಸಿದ ಕಾರನ್ನು ಸಮೀಪಿಸುವವರು ಕಣ್ಣನ್ನು ಮಾತ್ರ ನಂಬಬಾರದು. ಗಾಳಿ ಬಿಸಿಯಿಂದ ನಡುಗುತ್ತಿದೆಯೇ ಎಂಬುದನ್ನು ನೋಡಬೇಕು, ಬೆಂಕಿ ಆರಿಸುವ ಸಾಧನ ಕೈಯಲ್ಲಿರಬೇಕು.

ಇಷ್ಟೂ ಎಲ್ಲವೂ ಸರಿಯಾಗಿದ್ದಾಗ ಅನುಸರಿಸುವ ಕ್ರಮ. ಬೆಂಕಿ ಕಂಡರೆ, ಎಣ್ಣೆ ಸೋರಿದರೆ, ಎಂಜಿನ್ನಿನಲ್ಲಿ ಏನೋ ಮುರಿದ ಸದ್ದು ಕೇಳಿದರೆ ಮೇಲಿನ ಮಾತುಗಳನ್ನೆಲ್ಲ ಬದಿಗಿಡಬೇಕು. ಆಗ ಟರ್ಬೊವಿನ ಯೋಚನೆ ಕೂಡದು. ಇಂಧನವನ್ನೂ ಕಿಡಿಯನ್ನೂ ತಕ್ಷಣ ನಿಲ್ಲಿಸಿ, ಕಾರನ್ನು ಅಂಚಿಗೆ ತಂದು ಹೊರಬರಬೇಕು. ಎಣ್ಣೆ ಸೋರುವ ಕಾರನ್ನು ಹಾದಿಯುದ್ದಕ್ಕೂ ನಡೆಸಿಕೊಂಡು ಬರುವವನು ತನ್ನ ಹಿಂದೆ ಓಡುವವನ ಪ್ರಾಣಕ್ಕೆ ಕುತ್ತು ತರುತ್ತಾನೆ.

ಚಾಲಕನು ಎಚ್ಚರ ತಪ್ಪಿದ್ದರೆ? ಅದಕ್ಕಾಗಿಯೇ ಇಂಥ ಕಾರುಗಳ ಹಿಂಭಾಗದಲ್ಲಿ ಹೊರಗಿನವರಿಗೆ ಎಟುಕುವಂತೆ ಒಂದು ಮುಖ್ಯ ಸ್ವಿಚ್ಚನ್ನು ಇಡುತ್ತಾರೆ. ಒತ್ತಿ ನಡೆಸುವ ಸ್ವಿಚ್ಚಾದರೆ ಒಳಕ್ಕೆ ಒತ್ತಿದಾಗ ಆರಬೇಕೆಂಬುದು ನಿಯಮ. ಗಾಬರಿಯಲ್ಲಿರುವವನಿಗೆ ಎಳೆಯುವುದಕ್ಕಿಂತ ಒತ್ತುವುದು ಸುಲಭ. ಇಲ್ಲಿ ಹೊಸಬರು ಮಾಡುವ ಒಂದು ತಪ್ಪಿದೆ. ಸ್ವಿಚ್ಚು ಬ್ಯಾಟರಿಯನ್ನು ಮಾತ್ರ ಕತ್ತರಿಸುವಂತೆ ತಂತಿ ಎಳೆದರೆ ಎಂಜಿನ್ನು ನಿಲ್ಲದೆ ಹೋಗಬಹುದು. ಏಕೆಂದರೆ ತಿರುಗುತ್ತಿರುವ ಆಲ್ಟರ್ನೇಟರು ತಾನೇ ವಿದ್ಯುತ್ತನ್ನು ಹುಟ್ಟಿಸಿ ಕಿಡಿಗೂ ಇಂಧನದ ಪಂಪಿಗೂ ಕೊಡುತ್ತಲೇ ಇರುತ್ತದೆ. ಸ್ವಿಚ್ಚು ಎರಡರ ಸಂಬಂಧವನ್ನೂ ಕಡಿಯುವಂತಿರಬೇಕು. ಎಂಜಿನ್ನು ನಡೆಯುತ್ತಿರುವಾಗಲೇ ಒತ್ತಿ ಪರೀಕ್ಷಿಸಬೇಕು.

ಡೀಸೆಲ್ ಎಂಜಿನ್ನಿನ ಕಥೆ ಇನ್ನೂ ವಿಚಿತ್ರ. ಅದಕ್ಕೆ ಕಿಡಿಯೇ ಬೇಡ. ಟರ್ಬೊವಿನ ತಡೆ ಹರಿದು ಎಂಜಿನ್ನಿನ ಎಣ್ಣೆಯೇ ಗಾಳಿಯೊಡನೆ ಒಳಹೊಕ್ಕರೆ ಅದನ್ನೇ ಇಂಧನವಾಗಿ ಉರಿಸಿಕೊಂಡು ಎಂಜಿನ್ನು ಹುಚ್ಚೆದ್ದು ತಿರುಗುತ್ತದೆ. ಕೈ ತಿರುಗಿಸಿದರೂ ನಿಲ್ಲುವುದಿಲ್ಲ, ಡೀಸೆಲ್ಲನ್ನು ಕಡಿದರೂ ನಿಲ್ಲುವುದಿಲ್ಲ. ಗೇರಿನಲ್ಲಿದ್ದರೆ ಬ್ರೇಕನ್ನು ಒತ್ತಿಹಿಡಿದು ಎಂಜಿನ್ನನ್ನು ಉಸಿರುಗಟ್ಟಿಸಬಹುದು. ಇಲ್ಲವಾದರೆ ಗಾಳಿಯ ದಾರಿಯನ್ನೇ ಮುಚ್ಚಬೇಕು. ಅಮೆರಿಕದ ಡೆಟ್ರಾಯಿಟ್ ಡೀಸೆಲ್ ಕಂಪೆನಿಯ ಹಳೆಯ ಎಂಜಿನ್ನುಗಳಲ್ಲಿ ಇದಕ್ಕೆಂದೇ ಗಾಳಿಯ ಬಾಯಿಗೆ ಒಂದು ಮುಚ್ಚಳವಿರುತ್ತಿತ್ತು. ಬರಿಗೈಯಿಂದ ಗಾಳಿಯ ಬಾಯನ್ನು ಮುಚ್ಚಲು ಹೋಗುವುದು ಮಾತ್ರ ಕೂಡದು. ಆ ಸೆಳೆತ ಕೈಗೆ ಗಾಯ ಮಾಡುವಷ್ಟು ಪ್ರಬಲವಾದುದು.

ಕೆಲವು ನಿಯಮಗಳ ಹಿಂದೆ ಮನುಷ್ಯನ ಪ್ರಾಣವಿದೆ. 2008ರ ಜೂನ್ 21ರಂದು ನ್ಯೂಜೆರ್ಸಿಯ ಇಂಗ್ಲಿಷ್‌ಟೌನಿನಲ್ಲಿ ಸ್ಕಾಟ್ ಕಲಿಟ್ಟ ಎಂಬ ಹೆಸರಾಂತ ಚಾಲಕನ ಕಾರಿನ ಎಂಜಿನ್ನು ಗೆರೆಯ ಬಳಿ ಸಿಡಿಯಿತು. ಪ್ಯಾರಾಚೂಟುಗಳು ಕಾರನ್ನು ಹಿಡಿದು ನಿಲ್ಲಿಸಲಿಲ್ಲ. ಕಾರು ಹಾದಿಯ ತುದಿಯ ಮರಳನ್ನೂ ದಾಟಿಹೋಗಿ ಆತನು ಮಡಿದನು. ಅದು ಟರ್ಬೊ ಕಾರಲ್ಲ. ನೈಟ್ರೊಮೀಥೇನ್ ಉರಿಸುವ ಬೇರೆ ಜಾತಿಯ ಕಾರು. ಪಾಠ ಮಾತ್ರ ಎಲ್ಲರಿಗೂ ಒಂದೇ. ಮರು ತಿಂಗಳಿನಿಂದಲೇ ಆ ವರ್ಗದ ಕಾರುಗಳ ಓಟವನ್ನು 1,320 ಅಡಿಯಿಂದ 1,000 ಅಡಿಗೆ ಇಳಿಸಿದರು. ಓಡಲು ಇದ್ದ ನೆಲವನ್ನು ನಿಲ್ಲಲು ಬಿಟ್ಟುಕೊಟ್ಟರು. ಎಂಜಿನ್ನು ಸಿಡಿದರೆ ಚಾಲಕನ ಕೈಗೆ ಕಾಯದೆ ಇಂಧನವನ್ನು ಕಡಿದು ಪ್ಯಾರಾಚೂಟನ್ನು ಬಿಡುವ ಸಾಧನವೂ ಆಮೇಲೆ ಬಂದಿತು.

ಇನ್ನು ಮೊದಲು ಕೊಟ್ಟ ಮಾತನ್ನು ಸಲ್ಲಿಸಬೇಕು. ನಮ್ಮ ತಂದೆಯವರು ಲಾರಿಯ ಚಾಲಕರು. ಮಂಗಳೂರಿನಿಂದ ಸರಕು ಹೇರಿಕೊಂಡು ಶಿರಾಡಿ ಘಾಟಿಯನ್ನು ಹತ್ತುವುದು ಅವರ ನಿತ್ಯದ ಕೆಲಸ. ಘಾಟಿ ಹತ್ತಿ ನಿಂತ ಲಾರಿಯನ್ನು ಅವರು ಒಡನೆ ಆರಿಸುತ್ತಿರಲಿಲ್ಲ. ಎರಡು ಮೂರು ನಿಮಿಷ ಹಾಗೆಯೇ ಬಿಡುತ್ತಿದ್ದರು. ಏಕೆಂದು ಕೇಳಿದರೆ, "ನಮ್ಮ ಗುರುಗಳು ಹಂಗೇ ಹೇಳ್ಕೊಟ್ಟವ್ರೆ ಮಗ" ಎನ್ನುತ್ತಿದ್ದರು. ಲಾರಿಯ ಯಜಮಾನರಿಗೆ ಅದು ಹಿಡಿಸಲಿಲ್ಲ. "ನಿಂತ ಗಾಡೀಲಿ ಡೀಸೆಲ್ ಸುಡ್ತೀಯಲ್ಲಯ್ಯ, ಅದೇನು ಪುಕ್ಕಟೆ ಬರುತ್ತಾ?" ಎಂದು ಹಲವು ಸಲ ಗದರಿದರು. ತಂದೆಯವರ ಬಳಿ ನಿಯಮವಿತ್ತು, ಕಾರಣವಿರಲಿಲ್ಲ. ಕಾರಣ ಗೊತ್ತಿಲ್ಲದವನು ವಾದಿಸುವುದು ಹೇಗೆ? "ಆಯ್ತು ಧಣಿ" ಎಂದು ನಿಂತಲ್ಲಿಯೇ ಆರಿಸತೊಡಗಿದರು. ಒಂದು ವರ್ಷದ ಮೇಲೆ ಟರ್ಬೊ ಹೋಯಿತು. ಅದರ ಖರ್ಚನ್ನು ತಂದೆಯವರ ಸಂಬಳದಲ್ಲಿ ತಿಂಗಳು ತಿಂಗಳೂ ಹಿಡಿದುಕೊಂಡರು. ಆ ವರ್ಷ ನನ್ನ ಪಿ.ಯು.ಸಿ. ಫೀಜನ್ನು ಚಿಕ್ಕಪ್ಪನವರು ಕಟ್ಟಬೇಕಾಯಿತು. ಅವಸರದಿಂದ ಆರಿಸಿದ್ದೊಂದೇ ಅದಕ್ಕೆ ಕಾರಣವೆಂದು ನಾನು ಸಾಧಿಸಲಾರೆ. ಹಳೆಯ ಎಣ್ಣೆ, ಕೊಳೆ ತುಂಬಿದ ಫಿಲ್ಟರುಗಳಿಂದಲೂ ಟರ್ಬೊ ಹಾಳಾಗುತ್ತದೆ. ಆದರೆ ತಪ್ಪು ಚಾಲಕನದೇ ಎಂದು ತೀರ್ಮಾನಿಸಿದವರಿಗೂ ಅದು ತಿಳಿದಿರಲಿಲ್ಲ.

ಇಷ್ಟು ಮಾತ್ರ ನಿಶ್ಚಯ. ಭಾರ ಹೊತ್ತು ಏರು ಹತ್ತಿ ಬಂದ ಲಾರಿಯನ್ನು ಕೆಲವು ನಿಮಿಷ ಮೆಲ್ಲಗೆ ನಡೆಯಗೊಟ್ಟು ಆರಿಸಬೇಕೆಂದು ಎಂಜಿನ್ನು ಮಾಡುವವರೇ ತಮ್ಮ ಕೈಪಿಡಿಗಳಲ್ಲಿ ಹೇಳುತ್ತಾರೆ. ಊರೊಳಗೆ ನಿಧಾನವಾಗಿ ಬಂದ ಬಂಡಿಗೆ ಇಷ್ಟು ಉಪಚಾರ ಬೇಕಿಲ್ಲ. ಕೊನೆಯ ಒಂದೆರಡು ಮೈಲಿ ಮೆಲ್ಲಗೆ ಓಡಿಸಿದರೆ ಅದೇ ಸಾಕು. ನಿಂತಲ್ಲಿಯೇ ಅರ್ಧ ಗಂಟೆ ನಡೆಯಬಿಡುವುದೂ ತಪ್ಪೇ. ಆಗ ಯಜಮಾನರ ಮಾತೇ ಸರಿ. ಕಾರಣವನ್ನು ತಿಳಿದವನಿಗೆ ಮಾತ್ರ ಎಲ್ಲಿ ಎಷ್ಟು ಎಂಬುದು ತಿಳಿಯುತ್ತದೆ.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಅಡಿಗೆಮನೆಯಲ್ಲಿ ತಂದೆಯವರ ಪಕ್ಕದಲ್ಲಿ ಕುಳಿತು, ಒಲೆಯಿಂದ ಇಳಿಸಿದ ಕಾವಲಿಯನ್ನು ತೋರಿಸಿ ಇದನ್ನೆಲ್ಲ ವಿವರಿಸಿದೆನು. ಬೆಂಕಿಯಿಂದ ಇಳಿಸಿದ್ದರೂ ಕಾವಲಿಯ ಮೇಲೆ ಹಾಕಿದ ಎಣ್ಣೆಯ ಹನಿ ಹೊಗೆಯಾಡಿ ಕರಿಕಾಗುವುದನ್ನು ಅವರು ಬಹಳ ಹೊತ್ತು ನೋಡಿದರು. ಆಮೇಲೆ, "ಅವತ್ತು ಧಣಿ ಮುಂದೆ ಇಷ್ಟು ಹೇಳಕ್ಕೆ ಬಂದಿದ್ರೆ ಆಗೋದು ಕಣೋ" ಎಂದರು.

ನಾನು ಮುಂದೆ ಏನಾಗುವೆನೋ ತಿಳಿಯದು. ಬಿ.ಎ. ಓದಿದವನಿಗೆ ಎಂಜಿನ್ನನ್ನು ಬಿಚ್ಚುವುದು ಬರದಿರಬಹುದು. ಆದರೆ ಕೈಪಿಡಿಯನ್ನು ಓದಿ, ಅದರ ಕಾರಣವನ್ನು ಕೈಪಿಡಿಯನ್ನು ಓದಲಾರದವರಿಗೆ ಅವರ ಮಾತಿನಲ್ಲಿ ಹೇಳುವುದು ಬರಬೇಕು. ಈ ಲೇಖನವನ್ನು ಓದಿದ ಗೆಳೆಯರ ಮನೆಗಳಲ್ಲಿಯೂ ಲಾರಿ, ಟ್ರ್ಯಾಕ್ಟರುಗಳನ್ನು ನಡೆಸುವವರು ಇದ್ದೇ ಇರುತ್ತಾರೆ. ಅವರಿಗೆ ಇದನ್ನು ತಿಳಿಸಿದರೆ ನನ್ನ ಶ್ರಮ ಸಾರ್ಥಕವಾಯಿತೆಂದು ಭಾವಿಸುತ್ತೇನೆ.